ಕೇಬಲ್ ಲಾಕ್ ದಪ್ಪ ಮಾಡಿದರೆ ಸಾಕಲ್ವಾ?

ಪ್ರಶ್ನೆ: ಬಸ್ ಸ್ಟ್ಯಾಂಡ್ ಹತ್ತಿರ ಕಂಬಕ್ಕೆ ಕಟ್ಟಿದ್ದ ನನ್ನ ಸೈಕಲ್ ಕಳುವಾಯಿತು. ಕೇಬಲ್ ಲಾಕ್ ಹಾಕಿದ್ದೆ. ತುಂಡಾದ ಲಾಕ್ ಮಾತ್ರ ಅಲ್ಲೇ ಬಿದ್ದಿತ್ತು. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಕೊನೇ ವರ್ಷದಲ್ಲಿದ್ದೇನೆ. ಕತ್ತರಿಸೋಕೆ ಆಗದಂಥ ಕೇಬಲ್ ಲಾಕನ್ನೇ ಪ್ರಾಜೆಕ್ಟ್ ಆಗಿ ಮಾಡೋಣ ಅಂತಿದ್ದೇನೆ. ಕೇಬಲ್ ದಪ್ಪ ಜಾಸ್ತಿ ಮಾಡಿದರೆ ಸಾಕಲ್ವಾ?

ಉತ್ತರ: ಸೈಕಲ್ ಹೋಗಿದ್ದು ಓದಿ ಬೇಸರವಾಯಿತು. ನನ್ನದೂ ಒಂದು ಹೋಗಿದೆ, ಆ ಸಂಕಟ ಗೊತ್ತು. ಈ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ. ಉತ್ತರ ಇಷ್ಟೇ: ದಪ್ಪ ಮಾಡಿದರೆ ಸಾಲದು. ಯಾಕೆ ಸಾಲದು ಅನ್ನೋದು ಗೊತ್ತಾದರೆ ಏನು ಮಾಡಬೇಕು ಅನ್ನೋದೂ ಹೊಳೆಯುತ್ತದೆ.

ಮೊದಲು ಒಂದು ಮಾತು. ಆ ತುಂಡಾದ ಲಾಕನ್ನು ಎಸೆದಿಲ್ಲ ಅಂದುಕೊಂಡಿದ್ದೇನೆ. ನಿಮ್ಮ ಪ್ರಾಜೆಕ್ಟ್ ಶುರುವಾಗುವುದು ಅಲ್ಲಿಂದಲೇ. ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ತಂತಿಗಳು ಚಪ್ಪಟೆಯಾಗಿ, ಒಂದೊಂದರ ತುದಿಯೂ ಉಳಿಯ ಬಾಯಿಯ ಹಾಗೆ ಚೂಪಾಗಿದ್ದರೆ ಅದು ಬೋಲ್ಟ್ ಕಟರ್, ಅಂದರೆ ಉದ್ದ ಹಿಡಿಕೆಯ ದೊಡ್ಡ ಕತ್ತರಿಯ ಕೆಲಸ. ತುದಿ ಗುಂಡಗೇ ಉಳಿದು ನೀಟಾಗಿ ಕತ್ತರಿಸಿದ್ದರೆ ಕೇಬಲ್ ಕಟರ್. ಅದರ ಬಾಯಿ ಗಿಳಿಯ ಕೊಕ್ಕಿನ ಹಾಗೆ ಬಾಗಿರುತ್ತದೆ, ತಂತಿಗಳನ್ನು ಚದುರಲು ಬಿಡದೆ ಒಟ್ಟಿಗೆ ಹಿಡಿದು ಕತ್ತರಿಸುತ್ತದೆ. ಅಡ್ಡಕ್ಕೆ ಗೀರುಗಳಿದ್ದು ಪ್ಲಾಸ್ಟಿಕ್ಕಿಗೆ ಲೋಹದ ಪುಡಿ ಅಂಟಿದ್ದರೆ ಹ್ಯಾಕ್ಸಾ ಬ್ಲೇಡ್. ತುದಿ ನೀಲಿಗಟ್ಟಿ, ಪ್ಲಾಸ್ಟಿಕ್ ಕರಗಿದ್ದರೆ ಗ್ರೈಂಡರ್, ಅಂದರೆ ಚಕ್ರ ತಿರುಗಿಸಿ ಲೋಹ ಕೊಯ್ಯುವ ಕೈಯಂತ್ರ. ಈ ನಾಲ್ಕರಲ್ಲಿ ಯಾವುದರ ವಿರುದ್ಧ ನಿಮ್ಮ ಲಾಕ್ ನಿಲ್ಲಬೇಕು ಅಂತ ತೀರ್ಮಾನ ಮಾಡದೆ ಡ್ರಾಯಿಂಗ್ ಹಾಳೆ ಬಿಡಿಸಬೇಡಿ. ನಾಲ್ಕಕ್ಕೂ ಬೇರೆ ಬೇರೆ ಮದ್ದು.

ನನ್ನ ಸೈಕಲ್ ಹೋದಾಗ ಉಳಿದ ಕೇಬಲ್ ತುಂಡನ್ನು ವೈಸಿಗೆ ಕಚ್ಚಿಸಿ, ಮೇಲಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದ್ದೆ. ಹೊರಗಿನಿಂದ ವರ್ನಿಯರ್ ಹಿಡಿದರೆ 12 ಮಿಲಿಮೀಟರ್ ದಪ್ಪ. ಒಳಗಿದ್ದ ಉಕ್ಕು ಬರೀ 6 ಮಿಲಿಮೀಟರ್! ಮಿಕ್ಕಿದ್ದೆಲ್ಲ ಪ್ಲಾಸ್ಟಿಕ್. ಅಡ್ಡ ಕತ್ತರಿಸಿದಾಗ ಕಾಣುವ ಜಾಗದಲ್ಲಿ ಉಕ್ಕಿನ ಹಗ್ಗದ ಪಾಲು ಕಾಲು ಭಾಗ ಮಾತ್ರ. ಆ ಕಾಲು ಭಾಗದಲ್ಲೂ ತಂತಿಗಳ ನಡುವೆ ಸಂದುಗಳಿರುತ್ತವೆ. ದಪ್ಪ ನೋಡಿ ಲಾಕ್ ಕೊಳ್ಳುವವರು ಹೆಚ್ಚಾಗಿ ಪ್ಲಾಸ್ಟಿಕ್ಕಿಗೇ ದುಡ್ಡು ಕೊಡುತ್ತಿದ್ದಾರೆ. ಇದನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಹಾಗಾದರೆ ಒಳಗಿನ ಉಕ್ಕನ್ನೇ 12 ಮಿಲಿಮೀಟರ್ ಮಾಡಿದರೆ? ಇಲ್ಲಿ ಕೇಬಲ್ಲಿನ ಹುಟ್ಟುಗುಣ ಅಡ್ಡ ಬರುತ್ತದೆ. ಕೇಬಲ್ ಬಾಗುವುದು ಯಾಕೆ? ಅದು ಒಂದು ಸರಳಲ್ಲ, ಸಣ್ಣ ತಂತಿಗಳನ್ನು ಹುರಿ ಮಾಡಿ ಹೊಸೆದ ಹಗ್ಗ. ಬಳುಕುವ ಕೇಬಲ್‌ಗಳಲ್ಲಿ 7x19 ಅನ್ನುವುದು ತುಂಬ ಕಾಣುವ ಹೆಣಿಗೆ. ಅಂದರೆ 19 ತಂತಿಯ ಒಂದು ಹುರಿ, ಅಂಥ 7 ಹುರಿ, ಒಟ್ಟು 133 ತಂತಿ. ಒಂದು ಸರಳಿನ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 10 ಮಿಲಿಮೀಟರ್‌ನ ಒಂದೇ ಸರಳು, 1 ಮಿಲಿಮೀಟರ್‌ನ 100 ತಂತಿ, ಎರಡರಲ್ಲೂ ಉಕ್ಕು ಒಂದೇ ಅಳತೆ. ಆದರೆ ಲೆಕ್ಕ ಹಾಕಿ: ಸರಳಿನ ಬಿಗಿತ 10,000 ಆದರೆ ನೂರು ತಂತಿಗಳದ್ದು ಸೇರಿ 100. ಅಂದರೆ ನೂರು ಪಟ್ಟು ಸಲೀಸಾಗಿ ಬಾಗುತ್ತದೆ. ತಂತಿಗಳು ಒಂದರ ಪಕ್ಕ ಒಂದು ಜಾರುವ ತನಕ ಈ ಲೆಕ್ಕ ಸರಿ.

ಆ ಅನುಕೂಲವೇ ಕಳ್ಳನಿಗೂ ಅನುಕೂಲ. ಕಟರ್ ಬಾಯಿಗೆ 133 ತಂತಿಯೂ ಒಟ್ಟಿಗೆ ಎದುರಾಗುವುದಿಲ್ಲ. ಮೊದಲ ಸಾಲು ಕತ್ತರಿಸಿ ಎರಡನೇ ಸಾಲಿಗೆ ಹೋಗುತ್ತದೆ. ಹ್ಯಾಕ್ಸಾ ಕೂಡ ಹಾಗೇ, ಎಳೆ ಎಳೆಯಾಗಿ. ಕಟ್ಟಿಗೆ ಹೊರೆಯನ್ನು ಒಟ್ಟಿಗೆ ಮುರಿಯೋಕೆ ಆಗಲ್ಲ, ಆದರೆ ಒಂದೊಂದೇ ಕಡ್ಡಿ ಎಳೆದರೆ ಮಕ್ಕಳೂ ಮುರಿಯುತ್ತಾರಲ್ಲ, ಅದೇ ಕಥೆ. ದಪ್ಪ ಮಾಡಿದರೆ ಕಡ್ಡಿ ಜಾಸ್ತಿಯಾಗುತ್ತದೆ, ಅಷ್ಟೇ.

ಆದ್ದರಿಂದ ನನ್ನ ಸಲಹೆ ಇದು: ಬಾಗುವ ಕೆಲಸವನ್ನೂ ತಡೆಯುವ ಕೆಲಸವನ್ನೂ ಒಂದೇ ವಸ್ತುವಿನ ತಲೆಗೆ ಕಟ್ಟಬೇಡಿ. ಎರಡನ್ನೂ ಬೇರೆ ಮಾಡಿ. ನಡುವೆ ಬಳುಕುವ ಕೇಬಲ್ ಇರಲಿ, ಅದು ಎಳೆತಕ್ಕೆ ಮಾತ್ರ ಜವಾಬ್ದಾರಿ. ಅದರ ಮೇಲೆ ಗಟ್ಟಿ ಉಕ್ಕಿನ ಬುಷ್‌ಗಳನ್ನು, ಅಂದರೆ ಗಿಡ್ಡ ಕೊಳವೆಗಳನ್ನು, ಮಣಿ ಪೋಣಿಸಿದ ಹಾಗೆ ಸಾಲಾಗಿ ಪೋಣಿಸಿ. ಬ್ಲೇಡನ್ನು ಎದುರಿಸುವುದು ಈ ಮಣಿಗಳ ಕೆಲಸ. ಇಂಥ ಕವಚದ ಕೇಬಲ್ ಲಾಕ್‌ಗಳು ಮಾರುಕಟ್ಟೆಯಲ್ಲೂ ಇವೆ. ಆದರೆ ಎಲ್ಲವೂ ಒಂದೇ ಗುಣಮಟ್ಟದವಲ್ಲ. ವ್ಯತ್ಯಾಸ ಇರುವುದು ಸಣ್ಣ ಸಣ್ಣ ವಿಷಯಗಳಲ್ಲಿ.

ಮೊದಲನೆಯದು ಹೊರಗಿನ ಅಳತೆ. ಮನೆಯಲ್ಲಿ ಅಡಕತ್ತರಿ ಇದ್ದರೆ ಕೈಗೆತ್ತಿಕೊಳ್ಳಿ. ಒಣಗಿದ ಗೋಟಡಿಕೆಯನ್ನು ಬಾಯಿಯ ತುದಿಯಲ್ಲಿಟ್ಟು ಒತ್ತಿ. ಕೈ ನೋಯುತ್ತದೆ, ಅಡಿಕೆ ಜಗ್ಗಲ್ಲ. ಅದನ್ನೇ ಬುಡದ ಹತ್ತಿರ, ತಿರುಗಣಿಯ ಪಕ್ಕಕ್ಕೆ ಸರಿಸಿ ಒತ್ತಿದರೆ ಕಟಕ್ಕನೆ ಎರಡು ಹೋಳು. ಬೋಲ್ಟ್ ಕಟರ್ ಕೂಡ ಅಷ್ಟೇ. ಅದರ ಬಲವೆಲ್ಲ ಬಾಯಿಯ ಬುಡದಲ್ಲಿ. ನಿಮ್ಮ ಮಣಿಯ ವ್ಯಾಸ 22 ಮಿಲಿಮೀಟರ್ ಇದ್ದರೆ ಚೀಲದಲ್ಲಿ ಅಡಗಿಸಿ ತರುವಂಥ ಸಣ್ಣ ಕಟರ್ ಅದನ್ನು ಬುಡದ ತನಕ ನುಂಗಲಾರದು. ತುದಿಯಲ್ಲೇ ಕಚ್ಚಬೇಕು, ತುದಿಯಲ್ಲಿ ಬಲ ಕಡಿಮೆ. ದಪ್ಪಕ್ಕೆ ಬೆಲೆ ಇರುವುದು ಇಲ್ಲಿ. ಆದರೆ ಆ ದಪ್ಪ ಪ್ಲಾಸ್ಟಿಕ್ಕಿನದಾಗಿದ್ದರೆ ಕಟರ್ ಅದನ್ನು ಅಮುಕಿಕೊಂಡು ಒಳಗೆ ಹೋಗುತ್ತದೆ. ಗಟ್ಟಿ ಉಕ್ಕಿನದೇ ಆಗಿರಬೇಕು.

ಎರಡನೆಯದು, ಮಣಿ ಕೇಬಲ್ಲಿನ ಮೇಲೆ ಸಲೀಸಾಗಿ ಸುತ್ತಬೇಕು. ಹ್ಯಾಕ್ಸಾ ಹಲ್ಲು ಕಚ್ಚಬೇಕಾದರೆ ವಸ್ತು ಅಲುಗಾಡದೆ ನಿಲ್ಲಬೇಕು. ಮಣಿ ಬ್ಲೇಡಿನ ಜೊತೆಗೇ ಉರುಳಿದರೆ ಹಲ್ಲು ಜಾರುತ್ತದೆ. ಕಳ್ಳ ಇಕ್ಕಳದಲ್ಲಿ ಹಿಡಿದುಕೊಳ್ಳಬಹುದು, ನಿಜ. ಆಗ ಅವನ ಒಂದು ಕೈ ಹೋಯಿತು, ಹೊತ್ತೂ ಹೋಯಿತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮಣಿ ಮಣಿಯ ನಡುವಿನ ಸಂದು. ವಿದ್ಯಾರ್ಥಿಗಳ ಮಾದರಿಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಸಾದಾ ಬುಷ್‌ಗಳನ್ನು ಪೋಣಿಸಿದರೆ ಕೇಬಲ್ ನೆಟ್ಟಗಿದ್ದಾಗ ಸಂದು ಕಾಣುವುದಿಲ್ಲ. ಬಗ್ಗಿಸಿದ ತಕ್ಷಣ ಹೊರಬದಿಯಲ್ಲಿ ಬಾಯಿ ಬಿಡುತ್ತದೆ, ಒಳಗಿನ ಕೇಬಲ್ ಇಣುಕುತ್ತದೆ. ಕಳ್ಳನಿಗೆ ಅಷ್ಟು ಸಾಕು. ಅದಕ್ಕೇ ಪ್ರತಿ ಮಣಿಯ ಒಂದು ತುದಿಯನ್ನು ಗುಂಡಗೆ ಉಬ್ಬಿಸಿ, ಇನ್ನೊಂದು ತುದಿಯನ್ನು ಬಟ್ಟಲಿನ ಹಾಗೆ ಕೊರೆಯಬೇಕು. ಉಬ್ಬು ಪಕ್ಕದ ಮಣಿಯ ಬಟ್ಟಲೊಳಗೆ ಕೂರಬೇಕು. ಆಗ ಎಷ್ಟು ಬಗ್ಗಿಸಿದರೂ ಬಟ್ಟಲಿನ ಅಂಚು ಸಂದನ್ನು ಮುಚ್ಚಿರುತ್ತದೆ. ಲೇತ್ ಕೆಲಸ ಇದರಿಂದ ಜಾಸ್ತಿಯಾಗುತ್ತದೆ, ಆದರೆ ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ನೀರುಪಾಲು.

ಮಣಿಯ ಉಕ್ಕು ಎಷ್ಟು ಗಟ್ಟಿ ಇರಬೇಕು? ಪೂರ್ತಿ ಗಟ್ಟಿ ಮಾಡಿದರೆ ಗಾಜಿನ ಗುಣ ಬರುತ್ತದೆ, ಸುತ್ತಿಗೆಯ ಏಟಿಗೆ ಸಿಡಿಯುತ್ತದೆ. ಮೆತ್ತಗಿದ್ದರೆ ಹ್ಯಾಕ್ಸಾಕ್ಕೆ ಬೆಣ್ಣೆ. ಊರಿನ ಕಮ್ಮಾರ ಕುಡುಗೋಲಿಗೆ ಹದ ಹಾಕುವಾಗ ಬಾಯಿಯನ್ನು ಮಾತ್ರ ಗಟ್ಟಿ ಮಾಡಿ ಬೆನ್ನನ್ನು ಮೆತ್ತಗೆ ಬಿಡುತ್ತಾನೆ. ಬಾಯಿ ಸವೆಯಬಾರದು, ಬೆನ್ನು ಮುರಿಯಬಾರದು. ಲಾಕಿಗೂ ಅದೇ ತತ್ವ, ಕಾರ್ಖಾನೆಯ ಹೆಸರು ಕೇಸ್ ಹಾರ್ಡನಿಂಗ್. ಕಡಿಮೆ ಇಂಗಾಲದ ಉಕ್ಕನ್ನು 900 ಡಿಗ್ರಿ ಆಸುಪಾಸಿನ ಶಾಖದಲ್ಲಿ ಇಂಗಾಲ ತುಂಬಿದ ಗಾಳಿಯಲ್ಲಿಟ್ಟು, ಹೊರಪದರ ಇಂಗಾಲ ಹೀರಿದ ಮೇಲೆ ಎಣ್ಣೆಗೆ ಅದ್ದುತ್ತಾರೆ. ಚರ್ಮ ಕಲ್ಲು, ಒಳಗೆ ಇನ್ನೂ ಏಟು ತಡೆಯುವ ಉಕ್ಕು. ಇದನ್ನು ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಡಲು ಹೋಗಬೇಡಿ. ಬೆಂಗಳೂರಿನ ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವ ಘಟಕಗಳಿವೆ, ಹಾಗೇ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲೆಲ್ಲ ವಿಚಾರಿಸಬಹುದು. ಲೇತ್ ಕೆಲಸ ಪೂರ್ತಿ ಮುಗಿಸಿಯೇ ಕೊಡಿ. ಗಟ್ಟಿಯಾದ ಮೇಲೆ ತೂತು ಕೊರೆಯೋಕೆ ಆಗಲ್ಲ.

ತೂಕದ ಲೆಕ್ಕವನ್ನೂ ಈಗಲೇ ಮಾಡಿಬಿಡಿ, ಆಮೇಲೆ ಬೇಜಾರಾಗಬಾರದು. ಹೊರಗೆ 22, ಒಳಗೆ 14 ಮಿಲಿಮೀಟರ್ ವ್ಯಾಸದ ಬುಷ್ ಅಂದರೆ ಮೀಟರಿಗೆ ಸುಮಾರು 1.8 ಕಿಲೋ. ಒಳಗಿನ 8 ಮಿಲಿಮೀಟರ್ ಉಕ್ಕಿನ ಹಗ್ಗಕ್ಕೆ ಇನ್ನೊಂದು ಕಾಲು ಕಿಲೋ. ಬೀಗ ಕೂರುವ ಲಾಕಿನ ತಲೆಯೂ ಸೇರಿದರೆ ಎರಡು ಕಿಲೋ ದಾಟುತ್ತದೆ. ಅದಕ್ಕೇ ಉದ್ದವನ್ನು ಹಿಡಿತದಲ್ಲಿಡಿ. ಉದ್ದ ಜಾಸ್ತಿಯಾದರೆ ಬರೀ ಭಾರ ಅಲ್ಲ, ಕೇಬಲ್ ನೆಲಕ್ಕೆ ಜೋತು ಬೀಳುತ್ತದೆ. ನೆಲಕ್ಕೆ ತಾಗಿದರೆ ಕಟರಿನ ಒಂದು ಹಿಡಿಕೆಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಬಹುದು. ಸೊಂಟದೆತ್ತರದಲ್ಲಿ ಬಿಗಿಯಾಗಿ ಕೂತ ಲಾಕಿಗೆ ಬರೀ ತೋಳಿನ ಬಲವೇ ಗತಿ.

ಬುಷ್ ಮತ್ತು ಕೇಬಲ್ ನಡುವೆ ಉಳಿಯುವ ಸಂದಿನಲ್ಲಿ ಅರಾಮಿಡ್ ನಾರಿನ ಒಂದು ಪದರ ಸಡಿಲವಾಗಿ ಸುತ್ತಬಹುದು. ಕೆವ್ಲಾರ್ ಅಂದರೆ ನಿಮಗೆ ಗೊತ್ತಾಗುತ್ತದೆ. 1965ರಲ್ಲಿ ಡುಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ ನಾರು. ಸಡಿಲವಾಗಿ ಅಂತ ಯಾಕೆ ಹೇಳಿದೆ? ಬಾವಿಯ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದರೆ ಮೊಂಡ ಚಾಕುವೂ ಕತ್ತರಿಸುತ್ತದೆ. ಜೋಲು ಬಿಟ್ಟರೆ ಹಗ್ಗ ಚಾಕುವಿನ ಜೊತೆಗೇ ಓಡಾಡುತ್ತದೆ, ಕತ್ತರಿಸೋದು ಕಷ್ಟ. ಉಕ್ಕು ಕತ್ತರಿಸಲು ಮಾಡಿದ ಕಟರಿನ ಬಾಯಲ್ಲಿ ನಾರು ಹೀಗೇ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಎಚ್ಚರ: ಅರಾಮಿಡ್‌ಗೆ ಬಿಸಿಲು ಆಗಿಬರಲ್ಲ, ವರ್ಷಗಟ್ಟಲೆ ಬಿಸಿಲಿಗೆ ಬಿಟ್ಟರೆ ಶಕ್ತಿ ಕಳೆದುಕೊಳ್ಳುತ್ತದೆ. ಬುಷ್ ಒಳಗೆ ಇದ್ದರೆ ಆ ಚಿಂತೆ ಕಡಿಮೆ.

ಈಗ ಗ್ರೈಂಡರ್. ನಿಮಗೆ ಸುಳ್ಳು ಭರವಸೆ ಕೊಡಲಾರೆ. ಬ್ಯಾಟರಿ ಗ್ರೈಂಡರಿಗೆ ತೆಳು ಕಟಿಂಗ್ ಚಕ್ರ ಹಾಕಿ ಕೂತವನ ಮುಂದೆ ಮೇಲೆ ಹೇಳಿದ ಯಾವ ಕೇಬಲ್ಲೂ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಗ್ರೈಂಡರನ್ನೇ ಸವೆಸುವ ವಸ್ತುಗಳು ಬಂದಿವೆ. 2020ರಲ್ಲಿ ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಪ್ರೋಟಿಯಸ್ ಎಂಬ ವಸ್ತುವನ್ನು ತೋರಿಸಿದರು. ನೊರೆಯಂಥ ಅಲ್ಯೂಮಿನಿಯಂ ಒಳಗೆ ಪಿಂಗಾಣಿಯಂಥ ಸೆರಾಮಿಕ್ ಗುಂಡುಗಳು. ಚಕ್ರ ಗುಂಡಿಗೆ ತಾಗಿದಾಗ ಹುಟ್ಟುವ ಅದುರಾಟ ಚಕ್ರವನ್ನೇ ಮೊಂಡು ಮಾಡುತ್ತದೆ. 2021ರಲ್ಲಿ ಹಿಪ್‌ಲಾಕ್ ಎಂಬ ಬ್ರಿಟಿಷ್ ಕಂಪನಿ ಗ್ರ್ಯಾಫೀನ್ ಎಂಬ ಇಂಗಾಲದ ರೂಪ ಸೇರಿಸಿದ ಕವಚದ ಡಿ-ಲಾಕ್, ಅಂದರೆ ಡಿ ಅಕ್ಷರದ ಆಕಾರದ ಲಾಕ್ ತಂದಿತು. ಗಮನಿಸಿ, ಅದು ಬಾಗದ ಡಿ-ಲಾಕ್, ಕೇಬಲ್ ಅಲ್ಲ. ಬಳುಕು ಬೇಕು ಅಂದರೆ ಗ್ರೈಂಡರಿನ ವಿಷಯದಲ್ಲಿ ಸ್ವಲ್ಪ ಬಿಟ್ಟುಕೊಡಬೇಕು. ವರದಿಯಲ್ಲಿ ಇದನ್ನು ಮುಚ್ಚಿಡದೆ ಬರೆಯಿರಿ.

ಅದರ ಬದಲು ಒಂದು ಅಗ್ಗದ ಉಪಾಯ ಸೇರಿಸಿ. ಕೇಬಲ್ಲಿನ ನಡುವೆ ಇನ್ಸುಲೇಷನ್ ಇರುವ ಒಂದು ತೆಳು ತಾಮ್ರದ ತಂತಿ ಹಾಯಿಸಿ, ಲಾಕಿನ ತಲೆಯಲ್ಲಿ ಸಣ್ಣ ಬ್ಯಾಟರಿ ಮತ್ತು ಸೈರನ್ ಇಡಿ. ತಂತಿಯಲ್ಲಿ ಕರೆಂಟ್ ಹರಿಯುವ ತನಕ ಸೈರನ್ ಸುಮ್ನಿರುತ್ತದೆ. ತುಂಡಾದ ಕ್ಷಣ ಕೂಗುತ್ತದೆ. ಮೊಬೈಲ್ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಫೋನುಗಳಿಗೆ ಕಟ್ಟುವ ತಂತಿಗಳಲ್ಲಿ ಎಷ್ಟೋ ಇದೇ ಉಪಾಯದವು.

ಕೊನೆಗೆ ಎರಡು ತುದಿಗಳು. ಕೇಬಲ್ ಎಷ್ಟೇ ಗಟ್ಟಿ ಇರಲಿ, ಅದು ಲಾಕಿನ ತಲೆಗೆ ಸೇರುವ ಕಡೆ ಅಲ್ಯೂಮಿನಿಯಂ ಕ್ಲಿಪ್ ಹಾಕಿ ಒತ್ತಿದ್ದರೆ ಕಳ್ಳ ಅಲ್ಲೇ ಕೈ ಹಾಕುತ್ತಾನೆ. ಉಕ್ಕಿನದೇ ಹಾಕಿ, ಅದೂ ತಲೆಯ ಒಳಗೆ ಹುದುಗಿರಲಿ. ತಲೆಯೊಳಗೆ ಕೀಲಿಕೈ ಹಾಕುವ ಬೀಗದ ಬಗ್ಗೆಯೂ ಉದಾಸೀನ ಬೇಡ. 2004ರಲ್ಲಿ ಅಮೆರಿಕದ ಕ್ರಿಪ್ಟೊನೈಟ್ ಕಂಪನಿಯ ಹೆಸರಾಂತ ಲಾಕ್‌ಗಳು ಸಾದಾ ಬಾಲ್ ಪೆನ್ನಿನ ಕೊಳವೆ ತುರುಕಿ ತಿರುಗಿಸಿದರೆ ತೆರೆದುಕೊಳ್ಳುತ್ತವೆ ಅನ್ನುವುದು ಬಯಲಾಯಿತು. ಕಂಪನಿ ಲಾಕ್‌ಗಳನ್ನು ಬದಲಾಯಿಸಿ ಕೊಡಬೇಕಾಯಿತು. ಉಕ್ಕಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ದುಂಡನೆಯ ಕೀಲಿಕೈ ಹಾಕುವ ಆ ಬಗೆಯ ಬೀಗದಲ್ಲಿ. ಎಷ್ಟೋ ಕೇಬಲ್ ಲಾಕ್‌ಗಳಲ್ಲಿ ಇರುವುದೂ ಅದೇ ಬಗೆಯ ಬೀಗ. ಬೀಗವನ್ನು ನೀವೇ ಮಾಡಲು ಹೋಗಬೇಡಿ, ಒಳಗೆ ತಿರುಗುವ ಬಿಲ್ಲೆಗಳಿರುವ ಒಳ್ಳೆಯ ಡಿಸ್ಕ್ ಬೀಗವೊಂದನ್ನು ಕೊಂಡು ಕೂರಿಸಿ.

ಪರೀಕ್ಷೆ ಹೇಗೆ ಅಂತ ನಿಮ್ಮ ಪ್ರಾಜೆಕ್ಟ್ ಗೈಡ್ ಕೇಳುತ್ತಾರೆ. ಬ್ರಿಟನ್ನಿನಲ್ಲಿ 1992ರಿಂದ ಸೋಲ್ಡ್ ಸೆಕ್ಯೂರ್ ಅನ್ನುವ ಸಂಸ್ಥೆ ಲಾಕ್‌ಗಳನ್ನು ನಿಜವಾದ ಹತ್ಯಾರಗಳಿಂದ ಒಡೆದು ನೋಡಿ ಕಂಚು, ಬೆಳ್ಳಿ, ಚಿನ್ನ ಮುಂತಾದ ದರ್ಜೆ ಕೊಡುತ್ತ ಬಂದಿದೆ. ಅಲ್ಲಿ ಅಳೆಯುವುದು ಯಾವ ಹತ್ಯಾರಕ್ಕೆ ಎಷ್ಟು ಹೊತ್ತು ನಿಂತಿತು ಅನ್ನುವುದನ್ನು. ನೀವೂ ಹಾಗೇ ಮಾಡಿ. ಪೂರ್ತಿ ಲಾಕ್ ಬೇಡ, ಅರ್ಧ ಅಡಿಯ ಮೂರು ತುಂಡು ಸಾಕು: ಸಾದಾ ಕೇಬಲ್, ಸಾದಾ ಬುಷ್ ಹಾಕಿದ್ದು, ಬಟ್ಟಲು ಬುಷ್ ಹಾಕಿದ್ದು. ಬುಷ್ ಹಾಕಿದ ತುಂಡುಗಳನ್ನು ನೆಟ್ಟಗೆ ಒಮ್ಮೆ, ಬಗ್ಗಿಸಿ ಒಮ್ಮೆ ಪರೀಕ್ಷಿಸಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು. ಗಟ್ಟಿ ಉಕ್ಕಿನ ಚೂರು ಗುಂಡಿನ ಹಾಗೆ ಸಿಡಿಯುತ್ತದೆ. ಹತ್ಯಾರ ಹಿಡಿಯುವವರು ನೀವಾಗಬೇಡಿ, ನಿಮ್ಮ ತರಗತಿಯಲ್ಲಿ ತೋಳು ಗಟ್ಟಿ ಇರುವ ಗೆಳೆಯನ ಕೈಗೆ ಕೊಡಿ. ಸ್ವಂತ ಲಾಕಿನ ಮೇಲೆ ನಮಗೆ ಕೈ ಏಳಲ್ಲ.