ರಾಗಿ ಸರಿ: ಮೊಳಕೆ ಯಾಕೆ, ಎಷ್ಟು ಗಟ್ಟಿ?

ಅಂಗನವಾಡಿಯಲ್ಲಿ ಹೆಲ್ತ್ ಟಾಕ್ ಕೊಡಬೇಕಾದವರಿಗೆ ಈ ಟಿಪ್ಪಣಿ. ಹಾಸನ ಜಿಲ್ಲೆಯಲ್ಲಿ, ರಾಗಿ ಹಿಟ್ಟು ಕಾಯಿಸಿ ಮಗುವಿಗೆ ತಿನ್ನಿಸುವ ರಾಗಿ ಸರಿ ಮಾಡೋದು ಹೇಗೆ ಅಂತ ನಾವು ಹೇಳಿಕೊಡಲು ಹೋದರೆ ಅರಸೀಕೆರೆ, ಚನ್ನರಾಯಪಟ್ಟಣದ ಅಜ್ಜಿಯರು ನಮಗೇ ಪಾಠ ಮಾಡುತ್ತಾರೆ. ಅವರು ಕೇಳೋದು ಬೇರೆ. ಮೊಳಕೆ ಕಟ್ಟಲೇಬೇಕಾ? ಸರಿ ಎಷ್ಟು ಗಟ್ಟಿ ಇರಬೇಕು? ಈ ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ವಯಸ್ಸಿನ ವಿಷಯ ಎಲ್ಲರಿಗೂ ಗೊತ್ತು, ಬೇಗ ಮುಗಿಸೋಣ. 6 ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ಮೇಲಾಹಾರ, ಅಂದರೆ ಎದೆಹಾಲಿನ ಜೊತೆಗೆ ಕೊಡುವ ಊಟ, ಶುರು. ಎದೆಹಾಲು 2 ವರ್ಷ ಅಥವಾ ಅದಕ್ಕೂ ಜಾಸ್ತಿ ಮುಂದುವರಿಯಬೇಕು.

ಹಿಟ್ಟು ಮಾಡುವಾಗ ರಾಗಿಯನ್ನು ನಾಲ್ಕೈದು ನೀರಲ್ಲಿ ತೊಳೆದು, ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಾರೆ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ತೆಳ್ಳಗೆ ಹರಡಿ ಒಣಗಿಸಬೇಕು. ಅಂಗೈಯಲ್ಲಿಟ್ಟು ಉಜ್ಜಿದರೆ ಮೊಳಕೆ ಮುರಿದು ಉದುರಬೇಕು, ಅಷ್ಟು ಒಣಗಬೇಕು. ಸಕಲೇಶಪುರದ ಕಡೆ ಜುಲೈನಲ್ಲಿ ಇದು ಆಗದ ಕೆಲಸ, ಮಳೆ ಬಿಟ್ಟರೆ ತಾನೆ! ಬೂಸ್ಟು ಹಿಡಿದ ಅಥವಾ ಮುಗ್ಗಲು ವಾಸನೆ ಬಂದ ಕಾಳನ್ನು ಹುರಿದು ಸರಿಪಡಿಸುತ್ತೇನೆ ಅನ್ನಬೇಡಿ, ಬೂಸ್ಟಿನ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ. ಮಳೆಗಾಲದ ಹಿಟ್ಟನ್ನು ಬೇಸಿಗೆಯಲ್ಲೇ ಮಾಡಿಟ್ಟುಕೊಂಡರೆ ಒಳ್ಳೆಯದು. ಇನ್ನು ಮಿಲ್ಲಿನಲ್ಲಿ ನಿಮ್ಮ ಮುಂದಿನವರು ಖಾರದಪುಡಿ ಮಾಡಿಸಿದ್ದರೆ ಸುಮ್ನೆ ವಾಪಸ್ ಬನ್ನಿ.

ಈಗ ಮುಖ್ಯ ವಿಷಯ. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ತುಂಡು ಮಾಡುತ್ತದೆ. ಹಾಗಾಗಿ ಮೊಳಕೆ ಹಿಟ್ಟಿನ ಸರಿ ಬೇಗ ಗಟ್ಟಿಯಾಗುವುದಿಲ್ಲ, ಅಷ್ಟೇ ನೀರಿಗೆ ಜಾಸ್ತಿ ಹಿಟ್ಟು ಹಿಡಿಯುತ್ತದೆ. ಇದರಿಂದ ಏನು ಲಾಭ? ಲೆಕ್ಕ ಹಾಕಿ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲರಿ ಇದೆ. 100 ಮಿಲಿ ನೀರಿಗೆ 5 ಗ್ರಾಂ ಹಿಟ್ಟು ಹಾಕಿ ಗಂಜಿಯ ಹಾಗೆ ಕಾಯಿಸಿದರೆ ಸಿಗುವುದು 16. ಅಷ್ಟೇ ಎದೆಹಾಲಿನಲ್ಲಿ 65–70 ಇರುತ್ತದೆ. ಅಂದರೆ ನೀರು ಗಂಜಿ ಕುಡಿಸಿ ಹೊಟ್ಟೆ ತುಂಬಿಸಿದರೆ ಮಗು ಒಳ್ಳೆಯ ಹಾಲು ಬಿಟ್ಟು ನೀರು ಕುಡಿದಂತಾಯಿತು ಅಲ್ವಾ? ಹಾಲಿನ ಮಟ್ಟಕ್ಕೆ ಬರಬೇಕಾದರೆ 20 ಗ್ರಾಂ ಹಿಟ್ಟು ಬೇಕು. ಮಾಮೂಲಿ ಹಿಟ್ಟಾದರೆ ಅದು ಮಗು ನುಂಗಲಾರದಷ್ಟು ಗಟ್ಟಿ. 7 ಕೆಜಿ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದೇ 200 ಗ್ರಾಂ ಆಸುಪಾಸು, ಜಾಗ ಕಮ್ಮಿ.

ಒಂದು ಉಪಾಯ ಇದೆ. ಮಾಮೂಲಿ ಹಿಟ್ಟಿನಲ್ಲಿ ಗಟ್ಟಿ ಸರಿ ಕಾಯಿಸಿ, ಇಳಿಸಿ ಸ್ವಲ್ಪ ಆರಿದ ಮೇಲೆ ಅರ್ಧ ಟೀ ಚಮಚ ಮೊಳಕೆ ಹಿಟ್ಟು ಹಾಕಿ ತಿರುವಿದರೆ, ನೋಡನೋಡುತ್ತಲೇ ಸಡಿಲವಾಗುತ್ತದೆ. ಆಮೇಲೆ ಮತ್ತೊಮ್ಮೆ ಕುದಿಸಿ, ಹಸಿ ಹಿಟ್ಟಿನ ಸೂಕ್ಷ್ಮಾಣು ಸಾಯಲಿ. ಕುದಿಯುವಾಗಲೇ ಹಾಕಿದರೆ ಅಮೈಲೇಸ್ ಸತ್ತು ಏನೂ ಆಗುವುದಿಲ್ಲ. ಘಮ್ ಅನ್ನುವವರೆಗೆ ಹುರಿದ ಹಿಟ್ಟಿನಲ್ಲೂ ಅಷ್ಟೇ. ರುಚಿ ಬರುತ್ತದೆ, ಚೆನ್ನಾಗಿ ಬಾಳಿಕೆಯೂ ಬರುತ್ತದೆ, ಕಿಣ್ವ ಮಾತ್ರ ಉಳಿಯುವುದಿಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ಇದನ್ನೇ ಹೇಳಿ.

ಹದ ನೋಡಲು ಚಮಚ ಓರೆ ಮಾಡಿ. ಸರಿ ನೀರಿನಂತೆ ಹರಿಯಬಾರದು, ನಿಧಾನಕ್ಕೆ ಜಾರಬೇಕು. ಮೇಲೆ ಒಂದು ಟೀ ಚಮಚ ತುಪ್ಪ ಹಾಕಿದರೆ ಇನ್ನೂ 40 ಕಿಲೋಕ್ಯಾಲರಿ ಸೇರುತ್ತದೆ. ಶುರುವಿನಲ್ಲಿ ಒಂದು ಊಟಕ್ಕೆ 2–3 ದೊಡ್ಡ ಚಮಚ, ದಿನಕ್ಕೆ 2–3 ಸಲ. 8 ತಿಂಗಳಾಗುವ ಹೊತ್ತಿಗೆ ಮೆಲ್ಲಗೆ 250 ಮಿಲಿ ಬಟ್ಟಲಿನ ಅರ್ಧದವರೆಗೆ. ಬಾಟಲಿಯಲ್ಲಿ ಹಾಕಿ ಕೊಡುವುದು ಬೇಡವೇ ಬೇಡ. ಸಕ್ಕರೆ, ಬೆಲ್ಲ, ಉಪ್ಪು ಬೇಡ. ಜೇನುತುಪ್ಪ ವರ್ಷ ತುಂಬುವವರೆಗೆ ಕೂಡದು, ಬಾಟುಲಿಸಂ ಅನ್ನುವ, ನರಗಳಿಗೆ ಹೊಡೆಯುವ ವಿಷಬಾಧೆಯ ಭಯ. ಇಲ್ಲಿ ಅತ್ತೆಯರಿಗೂ ನಮಗೂ ವಾದ ಆಗೇ ಆಗುತ್ತದೆ, ಗೌರವ ಕೊಟ್ಟೇ ಹೇಳಿ, ಆದರೆ ಬಿಟ್ಟುಕೊಡಬೇಡಿ.

ವಸ್ತ್ರಗಾಳಿತ ಮಾಡಿದ, ಅಂದರೆ ಬಟ್ಟೆಯಲ್ಲಿ ಸೋಸಿದ ಹಿಟ್ಟು ನಯವಾಗಿರುತ್ತದೆ, ಶುರುವಿಗೆ ಆಗುತ್ತದೆ. ಆದರೆ ರಾಗಿಯ ಸುಣ್ಣದಂಶ (ಕ್ಯಾಲ್ಸಿಯಂ, 100 ಗ್ರಾಂಗೆ ಸುಮಾರು 360 ಮಿಗ್ರಾಂ) ಸಿಪ್ಪೆಯಲ್ಲೇ ಜಾಸ್ತಿ. ಸೋಸಿ ಎಸೆದರೆ ಅದರಲ್ಲಿ ಒಂದಷ್ಟು ಹೋಯಿತು. ಮಗುವಿಗೆ ಅಭ್ಯಾಸ ಆದ ಮೇಲೆ ಮಾಮೂಲಿ ಜರಡಿ ಸಾಕು.

ರಾಗಿ ಒಂದರಿಂದಲೇ ಮೈಯಲ್ಲಿ ರಕ್ತ ಹೆಚ್ಚುತ್ತದೆ ಅನ್ನುವ ಮಾತು ನಂಬಬೇಡಿ. ಹುಟ್ಟುವಾಗ ತಂದ ಕಬ್ಬಿಣ 6 ತಿಂಗಳ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತದೆ. ರಾಗಿಯ ಕಬ್ಬಿಣವನ್ನು ಕಾಳಿನಲ್ಲೇ ಇರುವ ಫೈಟೇಟ್, ಟ್ಯಾನಿನ್ ಅನ್ನುವ ಅಂಶಗಳು ಮೈಗೆ ಹತ್ತದಂತೆ ಹಿಡಿದುಕೊಳ್ಳುತ್ತವೆ. ಮೊಳಕೆಯಿಂದ ಫೈಟೇಟ್ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಅದಕ್ಕೇ ಹೆಸರುಬೇಳೆ, ಮೊಟ್ಟೆ, ತಿನ್ನುವ ಮನೆಯವರಾದರೆ ನುಣ್ಣಗೆ ಅರೆದ ಮಾಂಸ ಬೇಕು. ಜೊತೆಗೆ 6 ತಿಂಗಳಿಂದ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣದ ಸಿರಪ್ ಇದೆ. ತಾಯಂದಿರು ಕೇಳದಿದ್ದರೂ ನೀವೇ ನೆನಪಿಸಿ, ಬಾಟಲಿ ಮನೆಯಲ್ಲಿದ್ದರೂ ಎಷ್ಟೋ ಕಡೆ ಮುಚ್ಚಳ ತೆಗೆದಿರುವುದೇ ಇಲ್ಲ.