ವೈಸ್ ಯೂಸ್ ಅಂದರೆ ಹದವರಿತ ಬಳಕೆ

2024ರ ಜನವರಿ ಕೊನೆಗೆ ಕರ್ನಾಟಕದ ಮೂರು ಜಾಗಗಳು ರಾಮ್ಸರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದ ಸುದ್ದಿ ಬಂತು. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಅಂದರೆ ಆ ನದಿ ಸಮುದ್ರ ಸೇರುವ ಜಾಗ. ಅಲ್ಲಿಯವರೆಗೆ ನಮ್ಮ ರಾಜ್ಯದಿಂದ ಇದ್ದದ್ದು 2022ರಲ್ಲಿ ಸೇರಿದ್ದ ರಂಗನತಿಟ್ಟು ಒಂದೇ. ಖುಷಿಯ ಸುದ್ದಿಯೇ. ಆದರೆ ಕರಾವಳಿಯ ಜನರ ಕಿವಿಗೆ ‘ಸಂರಕ್ಷಿತ’ ಎನ್ನುವ ಮಾತು ಬಿದ್ದ ಕೂಡಲೇ ಏಳುವ ಪ್ರಶ್ನೆ ಬೇರೆ. ಹಾಗಾದ್ರೆ ಇನ್ನು ಮೀನು ಹಿಡಿಯೋ ಹಾಗಿಲ್ವಾ? ಬಳಚು (ಚಿಪ್ಪುಮೀನು) ಹೆಕ್ಕೋ ಹಾಗಿಲ್ವಾ?

ಈ ಪ್ರಶ್ನೆಗೆ ಉತ್ತರ ರಾಮ್ಸರ್ ಒಪ್ಪಂದದ ಒಳಗೇ ಇರುವ ಒಂದು ಮಾತಿನಲ್ಲಿದೆ. ಅದು ‘ವೈಸ್ ಯೂಸ್’. ಸರ್ಕಾರಿ ಕನ್ನಡದಲ್ಲಿ ಇದನ್ನು ‘ವಿವೇಚನಾಯುಕ್ತ ಬಳಕೆ’ ಅಂತ ಬರೆಯುವುದುಂಟು. ತಪ್ಪೇನಿಲ್ಲ, ಆದರೆ ಬಾಯಿಗೆ ಬರುವ ಮಾತಲ್ಲ. ನನಗೆ ‘ಹದವರಿತ ಬಳಕೆ’ ಹೆಚ್ಚು ಸರಿ ಅನ್ನಿಸುತ್ತದೆ. ಬೆಲ್ಲ ಕಾಯಿಸುವವರಿಗೆ ಹದ ಗೊತ್ತು, ಗದ್ದೆ ಉಳುವವರಿಗೆ ಮಣ್ಣಿನ ಹದ ಗೊತ್ತು. ಎಷ್ಟು, ಯಾವಾಗ, ಎಲ್ಲಿಗೆ ನಿಲ್ಲಿಸಬೇಕು ಎನ್ನುವುದೆಲ್ಲ ಆ ಒಂದು ಪದದಲ್ಲಿದೆ.

ಮೊದಲು ರಾಮ್ಸರ್ ಬಗ್ಗೆ ಎರಡು ಮಾತು. ಇದು ಇರಾನಿನ ಒಂದು ಊರು, ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿದೆ. 1971ರ ಫೆಬ್ರವರಿ 2ರಂದು ಅಲ್ಲಿ ಜೌಗು ಪ್ರದೇಶಗಳನ್ನು ಕಾಪಾಡುವ ಒಪ್ಪಂದಕ್ಕೆ ಸಹಿ ಬಿತ್ತು. ಭಾರತ ಸೇರಿದ್ದು 1982ರಲ್ಲಿ. ಜೌಗು ಪ್ರದೇಶ ಅಂದ ತಕ್ಷಣ ನಮ್ಮ ಕಣ್ಣಮುಂದೆ ಕೆರೆ, ಹಕ್ಕಿ, ಹುಲ್ಲು ಬರುತ್ತವೆ ಅಲ್ವಾ? ಒಪ್ಪಂದ ಹೇಳುವ ಅರ್ಥ ಅದಕ್ಕಿಂತ ದೊಡ್ಡದು. ನದಿ, ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಇಳಿತದ ಹೊತ್ತಿನಲ್ಲಿ ಆರು ಮೀಟರ್ ಆಳ ಮೀರದ ಸಮುದ್ರದ ನೀರು, ಎಲ್ಲವೂ ಅದರಲ್ಲಿ ಬರುತ್ತವೆ. ಹಾಗಾಗಿಯೇ ಕುಮಟಾ ಕಡೆಯ ಒಂದು ಅಳಿವೆ ಆ ಪಟ್ಟಿಗೆ ಸೇರಲು ಸಾಧ್ಯವಾಯಿತು.

‘ವೈಸ್ ಯೂಸ್’ ಎನ್ನುವ ಮಾತು 1971ರ ಮೂಲ ಪಠ್ಯದಲ್ಲೇ ಇದೆ. ಆದರೆ ಅದರ ಅರ್ಥ ಏನು ಅಂತ ಆಗ ಯಾರೂ ಬಿಡಿಸಿ ಬರೆದಿರಲಿಲ್ಲ. 1987ರಲ್ಲಿ ಕೆನಡಾದ ರೆಜಿನಾದಲ್ಲಿ ಸದಸ್ಯ ದೇಶಗಳು ಸೇರಿದಾಗ ಒಂದು ವಿವರಣೆ ಕೊಟ್ಟರು. ಆ ಜಾಗದ ಸಹಜ ಗುಣ ಕೆಡದಂತೆ, ಜನರ ಒಳಿತಿಗಾಗಿ, ಮುಂದೆಯೂ ನಡೆಯುವ ಹಾಗೆ ಅದನ್ನು ಬಳಸುವುದು ಅನ್ನುವುದು ಅದರ ಸಾರ. 2005ರಲ್ಲಿ ಉಗಾಂಡದ ಕಂಪಾಲಾದಲ್ಲಿ ಮತ್ತೆ ತಿದ್ದಿದರು. ಈ ಸಲ ಜಾಗದ ‘ಪರಿಸರ ಸ್ವರೂಪ’ ಉಳಿಸುವುದೇ ಹದವರಿತ ಬಳಕೆ ಎಂದರು. ಪರಿಸರ ಸ್ವರೂಪ ಅಂದರೆ ಏನು? ಅಲ್ಲಿನ ನೀರು, ಮಣ್ಣು, ಗಿಡ, ಜೀವಿಗಳು ಮಾತ್ರ ಅಲ್ಲ. ಅವುಗಳ ನಡುವಿನ ಕೊಡುಕೊಳ್ಳುವಿಕೆ ಮತ್ತು ಆ ಜಾಗ ಜನರಿಗೆ ಕೊಡುವ ಪ್ರಯೋಜನ ಕೂಡ ಆ ಲೆಕ್ಕದಲ್ಲಿ ಸೇರಿವೆ.

ಈ ಕೊನೆಯ ಮಾತನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮೀನುಗಾರರ ಪಾಲು ಹೋದರೆ ಜಾಗದ ಸ್ವರೂಪವೇ ಕೆಟ್ಟಿತು ಅಂತ ಅರ್ಥ. ಹೊಟ್ಟೆಪಾಡನ್ನು ಪಕ್ಕಕ್ಕೆ ಇಟ್ಟು ಮಾಡುವ ಸಂರಕ್ಷಣೆಗೆ ಈ ವಿವರಣೆಯಲ್ಲಿ ಜಾಗ ಇಲ್ಲ.

ಈಗ ಅಘನಾಶಿನಿಗೆ ಬರೋಣ. ಶಿರಸಿಯ ಹತ್ತಿರ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ತದಡಿಯ ಹತ್ತಿರ ಸಮುದ್ರ ಸೇರುವ ನದಿ. ದಾರಿಯಲ್ಲಿ ದೊಡ್ಡ ಅಣೆಕಟ್ಟು ಇಲ್ಲ. ಪಟ್ಟಿಗೆ ಸೇರಿದ ಅಳಿವೆಯ ವಿಸ್ತೀರ್ಣ 4,801 ಹೆಕ್ಟೇರ್. ಪಟ್ಟಿಗೆ ಸೇರಿಸುವಾಗ ಕೊಟ್ಟ ವಿವರದಲ್ಲಿ 6,000ದಿಂದ 7,500 ಕುಟುಂಬಗಳ ಬದುಕು ಇದರ ಮೇಲೆ ನಿಂತಿದೆ ಎಂದಿದೆ. ಮೀನು, ಏಡಿ, ಸಿಗಡಿ, ಬಳಚು, ಗಜನಿ ಗದ್ದೆ, ಉಪ್ಪು. ಸಾಣಿಕಟ್ಟಾ ಉಪ್ಪನ್ನು ಬಲ್ಲವರು ಬಹಳ ಜನ. ಅದೂ ಇದೇ ನೀರಿನದು.

ಇಳಿತದ ಹೊತ್ತಿಗೆ ಅಲ್ಲಿ ಹೋಗಿ ನಿಂತರೆ ಈ ಪದ ತಾನಾಗಿಯೇ ಅರ್ಥವಾಗುತ್ತದೆ. ನೀರು ಹಿಂದೆ ಸರಿದು ಮರಳು ದಿಣ್ಣೆ, ಕೆಸರು ಹಾಸು ಮೇಲೆ ಕಾಣುತ್ತದೆ. ಹೆಂಗಸರು ಬುಟ್ಟಿ ಹಿಡಿದು ಇಳಿಯುತ್ತಾರೆ. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿರುತ್ತಾರೆ. ಕೆಲವರು ಬಗ್ಗಿ ಕೈಯಲ್ಲಿ ಕೆರೆಯುತ್ತಾರೆ, ಕೆಲವರು ನೀರಲ್ಲಿ ನಿಂತು ಕಾಲಿನಲ್ಲೇ ತಡವುತ್ತಾರೆ. ಪಾದಕ್ಕೆ ಗಟ್ಟಿಯಾಗಿ ಏನೋ ತಾಗಿದರೆ ಸಾಕು, ಅದು ಕಲ್ಲಾ ಬಳಚಾ ಅಂತ ನೋಡುವ ಮೊದಲೇ ಗೊತ್ತಾಗುತ್ತದೆ. ಬುಟ್ಟಿ ತುಂಬಿದ ಮೇಲೆ ನೀರಲ್ಲಿ ಅಲ್ಲಾಡಿಸಿ ಕೆಸರು ತೊಳೆಯುತ್ತಾರೆ. ಭರತ ಏರತೊಡಗಿದ ಕೂಡಲೇ ಕೆಲಸ ಮುಗಿಯಿತು. ದಿನಕ್ಕೆ ಇಷ್ಟೇ ಹೊತ್ತು ಅಂತ ಹೇಳಲು ಇಲ್ಲಿ ಇಲಾಖೆ ಬೇಕಿಲ್ಲ, ಸಮುದ್ರವೇ ಹೇಳುತ್ತದೆ. ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು, ಹೀಗೆ ಹಲವು ಸಮುದಾಯದವರು ಈ ಕೆಲಸದಲ್ಲಿದ್ದಾರೆ. ಬಂಡವಾಳ ಇಲ್ಲದ ಮನೆಗೂ ಅಡುಗೆಗೆ ಪದಾರ್ಥ, ಕೈಗೆ ನಾಲ್ಕು ಕಾಸು ಸಿಗುವ ದಾರಿ ಇದು.

ಅದೇ ಬಳಚಿನ ಚಿಪ್ಪಿಗೆ ಇನ್ನೊಂದು ವ್ಯವಹಾರವೂ ಇದೆ. ನೆಲದಡಿ ಸೇರಿದ ಸತ್ತ ಚಿಪ್ಪುಗಳನ್ನು ಸುಣ್ಣಕ್ಕೆ, ಕಾರ್ಖಾನೆಗಳಿಗೆ ಅಗೆದು ಸಾಗಿಸುವುದು. ಯಂತ್ರ ಇಳಿಸಿ ತಳ ಮಗುಚಿದರೆ ಜೀವಂತ ಮರಿಗಳೂ ಹೂತುಹೋಗುತ್ತವೆ. ಬುಟ್ಟಿಯೂ ಬಳಕೆಯೇ, ಯಂತ್ರವೂ ಬಳಕೆಯೇ. ಹದ ಇರುವುದು ಮೊದಲನೆಯದರಲ್ಲಿ. ‘ಬಳಕೆ’ ಎಂಬ ಪದ ನೋಡಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಈ ಪರಿಕಲ್ಪನೆಗೇ ಅನ್ಯಾಯ ಮಾಡಿದ ಹಾಗೆ.

ಗಜನಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಳಿವೆಯ ಪಕ್ಕದ ತಗ್ಗು ಭೂಮಿಗೆ ಕಟ್ಟೆ ಕಟ್ಟಿ ಮಾಡಿದ ಗದ್ದೆಗೆ ಗಜನಿ ಅನ್ನುತ್ತಾರೆ. ಗೋವಾದವರು ಖಾಜನ್ ಅನ್ನುವುದೂ ಇಂಥದ್ದಕ್ಕೇ. ಕಟ್ಟೆಯಲ್ಲಿ ನೀರು ಬಿಡುವ, ತಡೆಯುವ ಬಾಗಿಲು ಇರುತ್ತದೆ, ಅದಕ್ಕೆ ಜಂತ್ರಡಿ ಅಂತ ಹೆಸರು. ಬೇಸಿಗೆಯಲ್ಲಿ ಮಣ್ಣನ್ನು ದಿಬ್ಬ ದಿಬ್ಬವಾಗಿ ಒಟ್ಟುತ್ತಾರೆ. ಮೊದಲ ಮಳೆಗಳಿಗೆ ಆ ದಿಬ್ಬದ ಉಪ್ಪು ತೊಳೆದು ಹೋಗುತ್ತದೆ. ಆಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗ ಉಪ್ಪನ್ನು ತಾಳುವ ತಳಿ, ಎತ್ತರವಾಗಿ ಬೆಳೆಯುತ್ತದೆ, ಕೆಲವು ದಿನ ನೆರೆಯಲ್ಲಿ ನಿಂತರೂ ಬದುಕಿಕೊಳ್ಳುತ್ತದೆ. ಗೊಬ್ಬರ, ಔಷಧಿ ಏನೂ ಬೇಡ.

ಕೊಯ್ಲು ನೋಡಿದರೆ ಆಶ್ಚರ್ಯ ಆಗುತ್ತದೆ. ಬುಡದವರೆಗೆ ಕೊಯ್ಯುವುದಿಲ್ಲ. ತೆನೆ ಮತ್ತು ಮೇಲಿನ ಸ್ವಲ್ಪ ದಂಟು ಮಾತ್ರ. ಉಳಿದದ್ದು ನೀರಲ್ಲೇ ಕೊಳೆಯುತ್ತದೆ. ಕೊಯ್ಲು ಮುಗಿದ ಮೇಲೆ ಜಂತ್ರಡಿ ತೆರೆದರೆ ಭರತದ ನೀರಿನ ಜೊತೆ ಮೀನಿನ ಮರಿ, ಸಿಗಡಿ ಮರಿ ಒಳಗೆ ಬರುತ್ತವೆ. ಕೊಳೆತ ದಂಟು ಅವಕ್ಕೆ ಊಟದ ಮನೆ. ಅವು ಬೆಳೆದ ಮೇಲೆ ಇಳಿತದ ಹೊತ್ತಿಗೆ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿದರೆ ಸಿಗಡಿ ಸಿಕ್ಕಿತು. ಮಳೆಗಾಲಕ್ಕೆ ಅಕ್ಕಿ, ಆಮೇಲೆ ಮೀನು, ನಡುವೆ ಹಕ್ಕಿಗಳ ಹಿಂಡು. ಒಂದೇ ಗದ್ದೆ. ಹದವರಿತ ಬಳಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ, ಹುಡುಕುವ ಮನಸ್ಸೂ ಇಲ್ಲ.

ಇದೆಲ್ಲ ಒಬ್ಬರಿಂದ ಆಗುವ ಕೆಲಸ ಅಲ್ಲ. ಕಟ್ಟೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುತ್ತದೆ. ಅದಕ್ಕೆ ಊರು ಸೇರಿ ಮಣ್ಣಿನ ಕಟ್ಟೆ ರಿಪೇರಿ ಮಾಡಿಕೊಳ್ಳುತ್ತಿತ್ತು. ಆಮೇಲೆ ಸರ್ಕಾರ ಕಲ್ಲಿನ ಕಾಯಂ ಕಟ್ಟೆ ಕಟ್ಟಿಸಿತು. ಉದ್ದೇಶ ಒಳ್ಳೆಯದೇ. ಆದರೆ ಒಟ್ಟಿಗೆ ಸೇರುವ ಅಗತ್ಯ ಕಡಿಮೆಯಾಯಿತು. ಸಿಗಡಿಗೆ ಹೊರದೇಶದಲ್ಲಿ ಬೆಲೆ ಬಂದಾಗ ಎಷ್ಟೋ ಗಜನಿಗಳು ಭತ್ತ ಬಿಟ್ಟು ಸಿಗಡಿ ಕೆರೆಗಳಾದವು. ತೊಂಬತ್ತರ ದಶಕದಲ್ಲಿ ಬಿಳಿಚುಕ್ಕಿ ರೋಗ ಬಂತು, ಸಿಗಡಿಯೂ ಕೈಕೊಟ್ಟಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ವಾಣಿಜ್ಯ ಸಿಗಡಿ ಕೆರೆಗಳು ಕೂಡದು ಎಂದಿತು. ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ಅವಕಾಶ ಉಳಿಸಿತು. ಕೋರ್ಟು ಕೂಡ ಬಳಕೆ ಮತ್ತು ಬಳಕೆಯ ನಡುವೆ ಗೆರೆ ಎಳೆಯಿತು. ಕಗ್ಗ ಈಗ ಮಾಣಿಕಟ್ಟಾದಂಥ ಕೆಲವೇ ಊರುಗಳಲ್ಲಿ ಉಳಿದಿದೆ, ಅದೂ ರೈತರು ಇನ್ನೂ ಒಟ್ಟಾಗಿ ನಡೆಸುತ್ತಿರುವ ಕಡೆ.

ಹಾಗಾದರೆ ಜನರನ್ನು ಹೊರಗಿಟ್ಟರೆ ಜಾಗ ಇನ್ನೂ ಚೆನ್ನಾಗಿ ಉಳಿಯಲ್ವಾ ಅಂತ ಕೇಳುವವರಿದ್ದಾರೆ. ಇದಕ್ಕೆ ರಾಜಸ್ಥಾನದ ಭರತಪುರ ಉತ್ತರ ಕೊಟ್ಟಿದೆ. ಅಲ್ಲಿನ ಕೇವಲಾದೇವ್ ಭಾರತದ ಮೊದಲ ಎರಡು ರಾಮ್ಸರ್ ತಾಣಗಳಲ್ಲಿ ಒಂದು. 1982ರಲ್ಲಿ ಅಲ್ಲಿ ಎಮ್ಮೆ ದನ ಮೇಯಿಸುವುದನ್ನು ನಿಲ್ಲಿಸಿದರು. ಊರವರು ತಿರುಗಿಬಿದ್ದರು, ಗೋಲಿಬಾರ್ ಆಯಿತು, ಜನ ಸತ್ತರು. ಆಮೇಲೆ ಆದದ್ದೇನು? ತಿನ್ನುವ ಎಮ್ಮೆ ಇಲ್ಲದೆ ಹುಲ್ಲು ಬೆಳೆದು ನೀರನ್ನೇ ಮುಚ್ಚಿತು, ಹಕ್ಕಿಗಳಿಗೆ ಬೇಕಾದ ತೆರೆದ ನೀರು ಕಡಿಮೆಯಾಯಿತು. ವರ್ಷಗಟ್ಟಲೆ ಅಧ್ಯಯನ ಮಾಡಿದ ಪಕ್ಷಿ ವಿಜ್ಞಾನಿಗಳು ಮೇಯುವ ಎಮ್ಮೆಯೂ ಆ ಕೊಳದ ವ್ಯವಸ್ಥೆಯ ಒಂದು ಭಾಗ ಅನ್ನುವುದನ್ನು ಕಂಡುಕೊಂಡರು. ಆ ಸಾವುಗಳನ್ನು ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ. ಅದು ಆಗಬೇಕಾಗಿರಲಿಲ್ಲ.

ಇನ್ನೊಂದು ತಾಣ ಒಡಿಶಾದ ಚಿಲಿಕಾ. ಅಲ್ಲಿ ಸಮುದ್ರದ ಬಾಯಿ ಹೂಳು ತುಂಬಿ ಉಪ್ಪುನೀರು ಒಳಗೆ ಬರದೆ, ಕಳೆ ಬೆಳೆದು, ಮೀನು ಸಿಗದಂತಾಯಿತು. ಅಪಾಯದಲ್ಲಿರುವ ತಾಣಗಳ ಪಟ್ಟಿಗೆ 1993ರಲ್ಲಿ ಸೇರಿತು. 2000ದ ಸೆಪ್ಟೆಂಬರ್‌ನಲ್ಲಿ ಹೊಸ ಬಾಯಿ ತೆರೆದರು. ಉಪ್ಪುನೀರು ಬಂತು, ಮೀನು ಬಂತು, 2002ರಲ್ಲಿ ಆ ಪಟ್ಟಿಯಿಂದ ಹೊರಗೆ ಬಂತು. ಮೀನುಗಾರರ ಬುಟ್ಟಿ ತುಂಬಿದ್ದೂ ಚಿಲಿಕಾ ಚೇತರಿಸಿಕೊಂಡದ್ದೂ ಒಟ್ಟಿಗೇ ಆದದ್ದು.

ನಮ್ಮ ಕಡಲಲ್ಲಿ ಇದೇ ಹದದ ಇನ್ನೊಂದು ರೂಪ ಎಲ್ಲರಿಗೂ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಸಣ್ಣ ನಾಡದೋಣಿಗಳಿಗೆ ಮಾತ್ರ ಅವಕಾಶ.

ಒಂದು ವಿಷಯ ಮುಚ್ಚಿಡಬಾರದು. ರಾಮ್ಸರ್ ಹೆಸರು ಬಂದ ಮಾತ್ರಕ್ಕೆ ಅದೇ ಒಂದು ಕಾನೂನಿನ ಗೋಡೆ ಆಗುವುದಿಲ್ಲ. 2017ರ ಜೌಗು ಪ್ರದೇಶ ನಿಯಮಗಳು ರಾಮ್ಸರ್ ತಾಣಗಳಿಗೆ ಅನ್ವಯಿಸುತ್ತವೆ, ಅವುಗಳಲ್ಲೂ ‘ವೈಸ್ ಯೂಸ್’ ಎಂಬ ಮಾತೇ ಆಧಾರ. ಆದರೆ ಕರಾವಳಿ ನಿಯಂತ್ರಣ ವಲಯದೊಳಗೆ ಬರುವ ಜಾಗಗಳನ್ನು ಆ ನಿಯಮಗಳು ಹೊರಗಿಟ್ಟಿವೆ. ಹಾಗಾಗಿ ಅಳಿವೆಯಲ್ಲಿ ದಿನನಿತ್ಯ ಲೆಕ್ಕಕ್ಕೆ ಬರುವುದು ಕರಾವಳಿ ನಿಯಮಗಳು ಮತ್ತು ಜನರ ಎಚ್ಚರ. ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಅದನ್ನು ತಡೆದು ನಿಲ್ಲಿಸಿದ್ದು ಯಾವ ಅಂತರರಾಷ್ಟ್ರೀಯ ಪಟ್ಟಿಯೂ ಅಲ್ಲ. ಆಗ ಅಘನಾಶಿನಿಗೆ ರಾಮ್ಸರ್ ಹೆಸರೇ ಇರಲಿಲ್ಲ. ಊರವರು ಬೀದಿಗೆ ಇಳಿದರು, ವಿಜ್ಞಾನಿಗಳು ಅವರ ಜೊತೆ ನಿಂತು ಅಳಿವೆಯ ಬೆಲೆ ಲೆಕ್ಕ ಹಾಕಿ ತೋರಿಸಿದರು.

ಈಗ ಹದ ತಪ್ಪುವ ಭಯ ಅಳಿವೆಯಲ್ಲಿ ಮಾತ್ರ ಇಲ್ಲ, ಘಟ್ಟದ ಮೇಲೂ ಇದೆ. ಬಳಚಿಗೆ ಮಳೆಗಾಲದ ಸಿಹಿನೀರೂ ಬೇಕು, ಬೇಸಿಗೆಯ ಉಪ್ಪೂ ಬೇಕು. ಪಕ್ಕದ ಶರಾವತಿಯಲ್ಲಿ ಅಣೆಕಟ್ಟಾದ ಮೇಲೆ ವಿದ್ಯುತ್‌ಗೆ ಬಳಸಿದ ಸಿಹಿನೀರು ವರ್ಷವಿಡೀ ಹರಿದು ಬರತೊಡಗಿತು. ಅಳಿವೆಯ ಉಪ್ಪು ಇಳಿದು ಅಲ್ಲಿನ ಬಳಚು ಕಡಿಮೆಯಾಯಿತು ಅಂತ ಸಂಶೋಧಕರು ಬರೆದಿದ್ದಾರೆ. ಅಘನಾಶಿನಿಯ ನೀರನ್ನು ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾಪ ಬಂದಿರುವ ಈ ಹೊತ್ತಿನಲ್ಲಿ ಇದನ್ನು ಓದಿಕೊಳ್ಳಬೇಕಾದವರು ಬಹಳ ಜನ ಇದ್ದಾರೆ. ಮೇಲೆ ನೀರು ತಿರುಗಿಸಿದರೆ ಕೆಳಗಿನ ನೀರಿನ ಉಪ್ಪು, ಸಿಹಿ ಏನಾಗುತ್ತದೆ ಎಂಬ ಲೆಕ್ಕ ಮೊದಲು ಮೇಜಿನ ಮೇಲೆ ಬರಬೇಕು. ಆ ಮೇಜಿನ ಸುತ್ತ ಎಂಜಿನಿಯರ್‌ಗಳ ಪಕ್ಕದಲ್ಲಿ ಬಳಚು ಹೆಕ್ಕುವ ಹೆಂಗಸರಿಗೂ ಒಂದು ಕುರ್ಚಿ ಇರಬೇಕು.