ತುಂಬಾ ರೆಸ್ಟ್ ಮಾಡಿಸಬೇಡಿ

ಶ್ವಾಸಕೋಶದ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿ ಊರಿಗೆ ಬಂದವರನ್ನು ನಮ್ಮ ಕಡೆ ಜನ ತುಂಬಾ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಬೆಂಗಳೂರಿನ ಕಿದ್ವಾಯಿಯಲ್ಲೋ ಬೇರೆ ಕಡೆಯೋ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಗಿರುತ್ತದೆ. ಮನೆಗೆ ಬಂದ ಕೂಡಲೇ ನಡುಮನೆಯಲ್ಲಿ ಒಂದು ಮಂಚ ಹಾಕಿಬಿಡುತ್ತಾರೆ. ನೀರು ಕೈಗೇ ಬರುತ್ತದೆ, ಊಟವೂ ಅಲ್ಲಿಗೇ. ತೋಟದ ಕಡೆ ಕಾಲಿಟ್ಟರೆ ಮಗ ಗದರುತ್ತಾನೆ. ಕೆಲವು ತಿಂಗಳಾದ ಮೇಲೆ ಹಾಸನದಲ್ಲಿ ನನ್ನ ಮುಂದೆ ಕೂತು ಅದೇ ಮಗ ಕೇಳುತ್ತಾನೆ: "ಫುಲ್ ರೆಸ್ಟಲ್ಲೇ ಇದ್ದಾರೆ ಡಾಕ್ಟ್ರೇ. ಆದ್ರೂ ಬಚ್ಚಲಿಗೆ ಹೋಗಿ ಬರೋಷ್ಟರಲ್ಲಿ ಏದುಸಿರು. ಮತ್ತೆ ಗಡ್ಡೆ ಬಂತಾ?"

ಪರೀಕ್ಷೆ ಮಾಡಿಯೇ ಮಾಡುತ್ತೇನೆ. ಗಡ್ಡೆ, ಸೋಂಕು, ರಕ್ತಹೀನತೆ, ಎದೆಯಲ್ಲಿ ನೀರು, ಎಲ್ಲವನ್ನೂ ನೋಡಲೇಬೇಕು. ಆದರೆ ಎಷ್ಟೋ ಸಲ ಇದ್ಯಾವುದೂ ಇರುವುದಿಲ್ಲ. ತೊಡೆ ಮುಟ್ಟಿದರೆ ಗೊತ್ತಾಗುತ್ತದೆ, ಸ್ನಾಯು ಕರಗಿಹೋಗಿರುತ್ತದೆ. ಬಲಗಡೆ ಶ್ವಾಸಕೋಶದಲ್ಲಿ ಮೂರು ಭಾಗ, ಎಡಗಡೆ ಎರಡು. ಅದರಲ್ಲಿ ಒಂದನ್ನು ತೆಗೆದರೂ ಉಳಿದದ್ದರಲ್ಲಿ ಸುಮಾರಾಗಿ ಎಲ್ಲ ಕೆಲಸ ಮಾಡಿಕೊಂಡಿರುವವರಿದ್ದಾರೆ. ಸೊರಗಿದ ಸ್ನಾಯು ಮಾತ್ರ ಸಣ್ಣ ಕೆಲಸಕ್ಕೂ ಜಾಸ್ತಿ ಉಸಿರು ಕೇಳುತ್ತದೆ. ಏದುಸಿರು ಬಂತು ಅಂತ ಕೂರುತ್ತಾರೆ. ಕೂತಷ್ಟೂ ಸ್ನಾಯು ಇನ್ನೂ ಇಳಿಯುತ್ತದೆ. ಇದಕ್ಕೆ ಮಾತ್ರೆ ಇಲ್ಲ, ನಡೆಯಬೇಕು.

ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಬೇರೆ ವಿಭಾಗವೇ ಇರುತ್ತದೆ, ಟ್ರೆಡ್‌ಮಿಲ್ ಇರುತ್ತದೆ. ಆಲೂರಿನ ಹಳ್ಳಿಯಲ್ಲಿ ಹಾಲಿನ ಡೈರಿ ಇರುತ್ತದೆ. ನನಗೆ ಅದು ಸಾಕು. ಬೆಳಿಗ್ಗೆ ಕ್ಯಾನು ಮಗ ಹೊರಲಿ, ಅಪ್ಪ ಜೊತೆಗೆ ನಡೆಯಲಿ. ಎಷ್ಟು ಜೋರಾಗಿ? ಒಂದು ಪೂರ್ತಿ ಮಾತು ಆಡಲು ಆಗುವಷ್ಟು. ಎರಡೆರಡು ಪದಕ್ಕೆ ಉಸಿರು ಕಟ್ಟಿದರೆ ನಿಧಾನ ಮಾಡಬೇಕು. ಒಂದು ವಾರ ಅರ್ಧ ದಾರಿ, ಆಮೇಲೆ ಪೂರ್ತಿ. ಸಕಲೇಶಪುರದ ಮಳೆಗಾಲದಲ್ಲಿ ಹೊರಗೆ ಕಾಲಿಡಲು ಆಗುವುದಿಲ್ಲ ನಿಜ. ಆಗ ಜಗಲಿಯಲ್ಲೇ ಹತ್ತು ಸುತ್ತು, ಕುರ್ಚಿಯಿಂದ ಕೈ ಊರದೆ ಏಳುವುದು ಹತ್ತು ಸಲ.

ಉಸಿರು ಸಿಕ್ಕಿಕೊಂಡಾಗ ಏನು ಮಾಡಬೇಕು ಅಂತ ಮೊದಲೇ ಕಲಿತಿರಬೇಕು. ಮೂಗಿನಿಂದ ಎಳೆದುಕೊಂಡು, ಊದುಗೊಳವೆ ಊದುವಾಗ ತುಟಿ ಮಾಡುವ ಹಾಗೆ ಮಾಡಿ, ಮೆಲ್ಲಗೆ ಬಿಡಬೇಕು. ಎಳೆದುಕೊಂಡದ್ದಕ್ಕಿಂತ ಎರಡರಷ್ಟು ಹೊತ್ತು. ಕೂತು, ಮುಂದಕ್ಕೆ ಬಾಗಿ, ಮೊಣಕೈಯನ್ನು ತೊಡೆಯ ಮೇಲೆ ಊರಿದರೆ ಇನ್ನೂ ಸಲೀಸು. ಮುಖಕ್ಕೆ ಫ್ಯಾನಿನ ಗಾಳಿ ಬಿದ್ದರೂ ಉಸಿರಿನ ಕಷ್ಟ ಕಡಿಮೆ ಅನ್ನಿಸುತ್ತದೆ. ಇದು ಸುಮ್ನೆ ಸಮಾಧಾನದ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ ಸಂಗತಿ. ಬೆರಳಿಗೆ ಹಾಕುವ ಮೀಟರಿನಲ್ಲಿ ಆಮ್ಲಜನಕ ಸರಿಯಾಗಿದ್ದರೆ, ಸಾಲ ಮಾಡಿ ಆಕ್ಸಿಜನ್ ಮೆಷಿನ್ ಬಾಡಿಗೆಗೆ ತರುವುದರಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಸ್ನಾನವನ್ನು ಸ್ಟೂಲಿನ ಮೇಲೆ ಕೂತು ಮಾಡಲಿ. ಕೈ ಎತ್ತಿ ತಲೆ ಉಜ್ಜುವುದು, ಜೊತೆಗೆ ಹಬೆ, ಇದು ಉಸಿರಿಗೆ ದೊಡ್ಡ ಕೆಲಸ.

ಮನೆ ಕೆಲಸವನ್ನೂ ಅಳೆದು ಕೊಡಿ. ಅವರೆಕಾಯಿ ಬಿಡಿಸುವುದು, ಮೆಣಸು ಆರಿಸುವುದು, ಕಣದಲ್ಲಿ ಕಾಫಿ ಕಾಯುವುದು, ಆಳುಗಳ ಲೆಕ್ಕ ಬರೆಯುವುದು. ಯಜಮಾನಿಕೆ ಮಾಡಿದವರಿಗೆ ಲೆಕ್ಕದ ಪುಸ್ತಕ ವಾಪಸ್ ಕೊಟ್ಟರೆ ಮುಖದ ಕಳೆಯೇ ಬೇರೆ ಆಗುತ್ತದೆ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವುದು, ಹೊಟ್ಟಿನ ಧೂಳು, ಕಸ ಸುಡುವುದು, ಇವು ಮಾತ್ರ ಬೇಡ. ಕೆಲವು ಕೀಮೋ ಔಷಧಿಗಳಿಂದ ಪಾದ ಜೋಮು ಹಿಡಿದಿರುತ್ತದೆ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ತೋಟಕ್ಕೆ ಬರಿಗಾಲಲ್ಲಿ ಬಿಡಬೇಡಿ.

ಇನ್ನು ಹೊಗೆ. ಅಡುಗೆ ಮನೆಗೆ ಗ್ಯಾಸ್ ಬಂದಿದೆ, ಬಚ್ಚಲ ಹಂಡೆಗೆ ಇವತ್ತಿಗೂ ಸೌದೆಯೇ. ಬೀಡಿ ಮುಟ್ಟದ ಹೆಂಗಸರಿಗೂ ಈ ಕ್ಯಾನ್ಸರ್ ಬರುತ್ತದೆ, ಸೌದೆ ಹೊಗೆಯೂ ಅದಕ್ಕೊಂದು ಕಾರಣ. "ಏನು ಸೇದುತ್ತಿದ್ದಳೋ" ಅಂತ ಊರವರು ಆಡಿಕೊಳ್ಳುವುದನ್ನು ಕೇಳಿ ನೊಂದು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟವರನ್ನು ನೋಡಿದ್ದೇನೆ. ತಟ್ಟೆ ಲೋಟ ಬೇರೆ ಇಡುವವರೂ ಇದ್ದಾರೆ. ಕ್ಯಾನ್ಸರ್ ಅಂಟುವುದಿಲ್ಲ. ಹಂಡೆ ಒಲೆಗೆ ಬೇರೆ ಯಾರಾದರೂ ಸೌದೆ ಹಾಕಲಿ, ಆದರೆ ಸೋಲಾರ್ ಕೂರಿಸುವುದೇ ವಾಸಿ. ಬೀಡಿ ಸೇದುತ್ತಿದ್ದವರು "ಆಗೋದೆಲ್ಲ ಆಯ್ತಲ್ಲ" ಅಂತ ಮುಂದುವರಿಸುತ್ತಾರೆ. ಕಾಯಿಲೆ ಗೊತ್ತಾದ ಮೇಲೆ ಬಿಟ್ಟರೂ ಆಯಸ್ಸಿಗೆ ಲಾಭವಿದೆ.

ಊಟದ ವಿಷಯದಲ್ಲಿ ನನಗೆ ಸಿಟ್ಟು ಬರುವುದು ಪಥ್ಯಕ್ಕೆ. ಮೊಟ್ಟೆ ನಂಜು, ಮೀನು ನಂಜು ಅಂತ ಬರೀ ಗಂಜಿ ಕೊಡುತ್ತಾರೆ. ಸ್ನಾಯು ಕಟ್ಟಬೇಕಾದ ಹೊತ್ತಿನಲ್ಲಿ ಗಂಜಿ! ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೊಟ್ಟೆ, ಮೊಸರು, ಎಲ್ಲ ಕೊಡಿ. ಒಂದೇ ಸಲ ತಿನ್ನಲು ಆಗದಿದ್ದರೆ ಐದಾರು ಸಲ, ಸ್ವಲ್ಪ ಸ್ವಲ್ಪ.

ಕೆಲವರು ಕೀಮೋ ಬದಲು ಜೆಫಿಟಿನಿಬ್ ಅಥವಾ ಎರ್ಲೋಟಿನಿಬ್ ಮಾತ್ರೆಯನ್ನು ದಿನಕ್ಕೊಂದು ತಗೊಳ್ಳುತ್ತಿರುತ್ತಾರೆ. ಅವರು ಅಂಗಡಿಯಿಂದ ಸುಮ್ನೆ ಗ್ಯಾಸ್ ಮಾತ್ರೆ ತಂದು ನುಂಗಬಾರದು. ಹೊಟ್ಟೆಯ ಆಮ್ಲ ಕಡಿಮೆಯಾದರೆ ಕ್ಯಾನ್ಸರ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಉಗುರಿನ ಬದಿ ಕೆಂಪಗಾಗಿ ಕೀವಾಗುವುದು, ಮುಖದಲ್ಲಿ ಗುಳ್ಳೆ, ಭೇದಿ, ಇವು ಆ ಮಾತ್ರೆಯದೇ ಅಡ್ಡಪರಿಣಾಮ. ನೀವಾಗಿ ನಿಲ್ಲಿಸಬೇಡಿ, ಬಂದು ತೋರಿಸಿ.

ಚೆಕಪ್ ತಪ್ಪಿಸಬೇಡಿ. ಆಪರೇಷನ್ ಅಥವಾ ರೇಡಿಯೇಷನ್‌ನಿಂದ ಗುಣವಾದವರಿಗೆ ಸಾಮಾನ್ಯವಾಗಿ ಮೊದಲ 2-3 ವರ್ಷ 6 ತಿಂಗಳಿಗೊಮ್ಮೆ ಸಿ.ಟಿ. ಸ್ಕ್ಯಾನ್, ಆಮೇಲೆ ವರ್ಷಕ್ಕೊಮ್ಮೆ. ರೈಲಿನಲ್ಲಿ ಹೋಗುವುದಾದರೆ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಲ್ಲಿ ಫಾರ್ಮ್ ಬರೆಸಿಕೊಳ್ಳಿ. ಸ್ಕ್ಯಾನಿನ ದಿನ ಹತ್ತಿರ ಬಂದಂತೆ ನಿದ್ದೆ ಹೋಗುತ್ತದೆ, ಸಿಡುಕು ಜಾಸ್ತಿ ಆಗುತ್ತದೆ. ಮನೆಯವರಿಗೆ ಹೇಳಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಚೆಕಪ್ ದಿನಕ್ಕೆ ಕಾಯದೆ ಬರಬೇಕಾದ ಸಂದರ್ಭಗಳೂ ಇವೆ. ರೇಡಿಯೇಷನ್ ಮುಗಿದು 1ರಿಂದ 6 ತಿಂಗಳೊಳಗೆ ಒಣಕೆಮ್ಮು, ಸಣ್ಣ ಜ್ವರ, ಏದುಸಿರು ಶುರುವಾದರೆ ಅದು ರೇಡಿಯೇಷನ್‌ನಿಂದಲೇ ಆದ ಉರಿಯೂತ ಇರಬಹುದು. ಸ್ಟೀರಾಯ್ಡ್ ಕೊಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ, ಆದರೆ ಮೆಡಿಕಲ್ ಶಾಪಿನ ಕೆಮ್ಮಿನ ಔಷಧಿಯಲ್ಲಿ ವಾರಗಟ್ಟಲೆ ಕಳೆದರೆ ಕಷ್ಟ. ಕಫದಲ್ಲಿ ರಕ್ತ, ಒಂದೇ ಕಾಲು ಊದುವುದು, ವಾಂತಿಯ ಜೊತೆ ಹೊಸ ತಲೆನೋವು, ಬೆನ್ನು ನೋವಿನ ಜೊತೆ ಕಾಲಿನ ಬಲ ಹೋಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅವತ್ತೇ ಆಸ್ಪತ್ರೆಗೆ ಕರೆತನ್ನಿ. ರಾತ್ರಿಯಾಗಿದ್ದರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ.